ಹಾಸ್ಪಿಟಲ್ ಪಾಸ್

ಮಂಗಳವಾರದ ಮೀಟಿಂಗ್ ಇನ್ನೂ ತಲೆಯಿಂದ ಇಳಿದಿಲ್ಲ. ಗಡುವು ಯಾವಾಗಲೋ ದಾಟಿ, ಕ್ಲೈಂಟ್ ಕೆಂಡ ಕಾರುತ್ತಿರುವ ಪ್ರಾಜೆಕ್ಟನ್ನು ನಮ್ಮ ಮ್ಯಾನೇಜರ್ ನಗುನಗುತ್ತಾ ದಾವಣಗೆರೆಯ ಹುಡುಗಿಯ ಕೈಗಿಟ್ಟ. "ನಿನಗೆ ಒಳ್ಳೆ ಅವಕಾಶ" ಅಂದ. ಅವಳು ಇಲ್ಲಿಗೆ, ವೇಲ್ಸ್‌ನ ಕಾರ್ಡಿಫ್‌ಗೆ ಬಂದು ಇನ್ನೂ ವರ್ಷವಾಗಿಲ್ಲ. ಖುಷಿಯಿಂದ ನೋಟ್‌ಬುಕ್ ತೆಗೆದಳು. ಹೊಸ ಪುಟದಲ್ಲಿ ಪ್ರಾಜೆಕ್ಟ್ ಹೆಸರು ಬರೆದು ಕೆಳಗೆ ಗೆರೆ ಎಳೆದಳು. ಪಕ್ಕದಲ್ಲಿದ್ದ ಹಿರಿಯ ಸಹೋದ್ಯೋಗಿ ವೇಲ್ಸ್‌ನವರೇ, ಹರೆಯದಲ್ಲಿ ರಗ್ಬಿ ಆಡಿದವರು. ನನ್ನ ಕಡೆ ಬಾಗಿ, "ಹಾಸ್ಪಿಟಲ್ ಪಾಸ್" ಅಂದರು.

ಇಲ್ಲಿ ಯಾರಿಗಾದರೂ ಕೈ ಸುಡುವ ಮಂತ್ರಿಗಿರಿ ಸಿಕ್ಕರೂ ಈ ಮಾತು ಆಡುತ್ತಾರೆ. ಆದರೆ ಮೈದಾನದ ಲೆಕ್ಕ ಗೊತ್ತಾದರೆ ಅದರ ಕ್ರೌರ್ಯ ತಿಳಿಯುತ್ತದೆ. ರಗ್ಬಿಯಲ್ಲಿ ಕೈಯಿಂದ ಚೆಂಡನ್ನು ಮುಂದಕ್ಕೆ ಎಸೆಯುವಂತಿಲ್ಲ, ಪಕ್ಕಕ್ಕೆ ಇಲ್ಲಾ ಹಿಂದಕ್ಕೆ ಕೊಡಬೇಕು. ಚೆಂಡು ಇಲ್ಲದವನನ್ನು ಕೆಡವುವಂತಿಲ್ಲ, ಹಿಡಿದವನನ್ನು ಕೆಡವಬಹುದು. ಈಗ ಎದುರಾಳಿ ಮೈಮೇಲೆ ಬರುವ ಹೊತ್ತಿಗೆ ನಾನು ಚೆಂಡನ್ನು ನಿಧಾನವಾಗಿ, ಎತ್ತರಕ್ಕೆ ನಿಮ್ಮತ್ತ ಎಸೆದೆ ಅಂದುಕೊಳ್ಳಿ. ನಿಮ್ಮ ಕಣ್ಣು ಚೆಂಡಿನ ಮೇಲೆ, ಎರಡೂ ಕೈ ಮೇಲೆ, ಪಕ್ಕೆಲುಬಿಗೆ ಅಡ್ಡ ಏನೂ ಇಲ್ಲ. ಬೆರಳಿಗೆ ಚೆಂಡು ತಾಗುತ್ತಲೇ ನೂರು ಕಿಲೋ ಆಳು ಓಡಿ ಬಂದು ಗುದ್ದುತ್ತಾನೆ. ನಾನು ಮಾತ್ರ ಬಚಾವ್. ಹಿಡಿದವನನ್ನು ಆಸ್ಪತ್ರೆಗೆ ಕಳಿಸುವ ಇಂಥ ಪಾಸೇ ಹಾಸ್ಪಿಟಲ್ ಪಾಸ್.

ಆ ಹಿರಿಯರು ಅದನ್ನು ನಗುತ್ತಾ ಹೇಳಲಿಲ್ಲ. 2003ರ ರಗ್ಬಿ ವಿಶ್ವಕಪ್ ಗೆದ್ದ ಇಂಗ್ಲೆಂಡ್ ತಂಡದ ಸ್ಟೀವ್ ಥಾಂಪ್ಸನ್‌ಗೆ 42ನೇ ವಯಸ್ಸಿಗೇ ಮರೆವಿನ ಕಾಯಿಲೆ. ಆಟದಲ್ಲಿ ತಲೆಗೆ ಬಿದ್ದ ಏಟುಗಳೇ ಕಾರಣ, ಆ ಫೈನಲ್ ಗೆದ್ದದ್ದೇ ನೆನಪಿಲ್ಲ ಅಂತ 2020ರಲ್ಲಿ ಹೇಳಿಕೊಂಡರು. ಆಟ ಬಲ್ಲವರಿಗೆ ಆಸ್ಪತ್ರೆ ಅನ್ನೋದು ಸುಮ್ನೆ ಮಾತಲ್ಲ.

"ಹಾಗಾದರೆ ಚೆಂಡು ಇದ್ದವನು ಏನು ಮಾಡಬೇಕಿತ್ತು?" ಅಂತ ಕೇಳಿದೆ. "ತಾನೇ ಏಟು ತಿನ್ನಬೇಕಿತ್ತು. ಬಿದ್ದ ಮೇಲೆ ಚೆಂಡು ಬಿಟ್ಟರಾಯಿತು, ಅಷ್ಟರಲ್ಲಿ ನಮ್ಮವರು ಬಂದು ಅದರ ಮೇಲೆ ಅಡ್ಡ ನಿಲ್ಲುತ್ತಾರೆ" ಅಂದರು.

ನಮ್ಮ ಮ್ಯಾನೇಜರ್ ಕೆಟ್ಟವನಲ್ಲ. ಎಲ್ಲರ ಹುಟ್ಟುಹಬ್ಬ ನೆನಪಿಡುತ್ತಾನೆ. ಆದರೆ ಏಟು ಬೀಳುವ ಹೊತ್ತಿಗೆ ಅವನ ಕೈ ಯಾವಾಗಲೂ ಖಾಲಿ. ಸ್ಟೇಡಿಯಂನಲ್ಲಾದರೆ ಇಂಥ ಪಾಸ್ ಕೊಟ್ಟವನು ಯಾರು ಅಂತ ಸಾವಿರಾರು ಜನ ನೋಡಿರುತ್ತಾರೆ. ಆಫೀಸಿನಲ್ಲಿ ಮೂರು ತಿಂಗಳು ಕಳೆದರೆ ಕಾಣೋದು ಕೆಳಗೆ ಬಿದ್ದವರು ಮಾತ್ರ. ಅದರಲ್ಲೂ ಯಾರ ವೀಸಾ ಕೆಲಸ ಕೊಟ್ಟ ಕಂಪನಿಯ ಕೈಯಲ್ಲಿದೆಯೋ ಆ ಹೊಸಬರು ಬೇಡ ಅನ್ನೋದಿಲ್ಲ. ಅದು ಗೊತ್ತಿದ್ದೇ ಅವರತ್ತ ಎಸೆಯುತ್ತಾರೆ. ನನಗೆ ಸಿಟ್ಟು ಬಂದಿರೋದು ಅದಕ್ಕೇ. ಆ ಗೆರೆ ಎಳೆದ ಪುಟ ಕಣ್ಣಿಗೆ ಕಟ್ಟಿದಂತಿದೆ.

ಮರುದಿನ ಅವಳಿಗೆ ಎಲ್ಲ ಬಿಡಿಸಿ ಹೇಳಿದೆ. "ಅಕ್ಕಾ, ಬೇಡ ಅಂದ್ರೆ ಹೆದರಿದ್ಲು ಅಂತಾರಲ್ವಾ?" ಅಂದಳು. ಬೇಡ ಅನ್ನಬೇಡ, ಒಬ್ಬಳೇ ಹಿಡೀಬೇಡ ಅಂದೆ. ಇಬ್ಬರೂ ಕೂತು ಮೇಲ್ ಬರೆದೆವು: ಅವಳ ಕೈಗೆ ಬಂದ ದಿನವೇ ಏನೇನು ಬಾಕಿಯಿತ್ತು, ಯಾವುದು ಎಷ್ಟು ತಡವಾಗಿತ್ತು, ಎಲ್ಲ ತಾರೀಖಿನ ಸಮೇತ. ಟೆಸ್ಟಿಂಗ್ ನಾನು ನೋಡ್ತೀನಿ ಅಂತ ಹಿರಿಯರು ತಮ್ಮ ಹೆಸರು ಸೇರಿಸಿದರು. ಸೋಮವಾರದ ಕ್ಲೈಂಟ್ ಕಾಲ್‌ಗೆ ನಾವು ಮೂವರೂ ಕೂರುತ್ತೇವೆ. ಮ್ಯಾನೇಜರೂ ಇರಬೇಕು ಅಂತ ಮೇಲ್‌ನಲ್ಲೇ ಕೇಳಿದ್ದೇವೆ.