ಹತ್ತಿ ಬಂದವರು ನಿಲ್ಲುತ್ತಾರೆಯೇ? 38 ಪಂದ್ಯದ ಲೆಕ್ಕವೇ ಬೇರೆ, 3 ಪಂದ್ಯದ ಲೆಕ್ಕವೇ ಬೇರೆ

ಕೆಳಗಿನ ಲೀಗ್‌ನಿಂದ ಬಡ್ತಿ ಪಡೆದು ಇಂಗ್ಲೆಂಡ್‌ನ ಮೇಲಿನ ಫುಟ್‌ಬಾಲ್ ಲೀಗ್‌ಗೆ ಬಂದ ಇಪ್ಸ್‌ವಿಚ್ ಟೌನ್ 2024-25ರಲ್ಲಿ ಟಾಟೆನ್‌ಹ್ಯಾಮ್ ಅಂಗಳಕ್ಕೇ ಹೋಗಿ 2-1ರಿಂದ ಗೆದ್ದಿತು. ಡಿಸೆಂಬರ್ 30ರಂದು ತನ್ನ ಮೈದಾನದಲ್ಲಿ ಚೆಲ್ಸಿಯನ್ನು 2-0ಯಿಂದ ಮಣಿಸಿತು. ಇಷ್ಟು ಕೇಳಿದವರು ಕೊನೆಯ ಮೂರು ತಂಡ ಕೆಳಗಿಳಿಯುವ ಈ ಪ್ರೀಮಿಯರ್ ಲೀಗ್‌ನಲ್ಲಿ ಅದು ಉಳಿದೇ ಉಳಿಯಿತು ಅಂದುಕೊಳ್ಳುತ್ತಾರೆ. ಆದರೆ ಇಡೀ ಋತುವಿನಲ್ಲಿ ಅದು ಗೆದ್ದದ್ದು ನಾಲ್ಕೇ ಪಂದ್ಯ, ಗಳಿಸಿದ್ದು 22 ಅಂಕ. ಎಡವಿದ್ದು ದೊಡ್ಡವರ ಎದುರಲ್ಲ. ತನ್ನ ಜೊತೆಗೇ ಮೇಲೆ ಬಂದ ಲೆಸ್ಟರ್ ಮತ್ತು ಸೌತಾಂಪ್ಟನ್ ವಿರುದ್ಧದ ನಾಲ್ಕು ಪಂದ್ಯಗಳಲ್ಲಿ ಅದಕ್ಕೆ ಸಿಕ್ಕಿದ್ದು ಎರಡು ಡ್ರಾ, ಎರಡು ಸೋಲು. 12 ಅಂಕಗಳಲ್ಲಿ 2. ಆ ಎರಡರಲ್ಲೊಂದು ಸೋಲು ತವರಿನಲ್ಲೇ, ಅದೂ ವರ್ಷವಿಡೀ ಒಟ್ಟು 12 ಅಂಕ ಗಳಿಸಿದ ಸೌತಾಂಪ್ಟನ್ ಕೈಯಲ್ಲಿ.

ಬಡ್ತಿ ಪಡೆದ ತಂಡಗಳ ಬಗ್ಗೆ ವಾದ ಮಾಡುವಾಗ ಹೆಚ್ಚಿನವರು ತಪ್ಪುವುದು ಇಲ್ಲೇ. ದೊಡ್ಡ ತಂಡದ ಮೇಲಿನ ಗೆಲುವು ನೆನಪಿನಲ್ಲಿ ಉಳಿಯುತ್ತದೆ, ಅಕ್ಕಪಕ್ಕದವರ ಜೊತೆ ಕಳೆದುಕೊಂಡ ಅಂಕ ಮರೆತುಹೋಗುತ್ತದೆ. ಲೂಟನ್ ಕಥೆಯೂ ಇದೇ. 2024ರ ಜನವರಿ 30ರಂದು ಬ್ರೈಟನ್‌ಗೆ 4-0 ಹೊಡೆದ ತಂಡ, ಫೆಬ್ರವರಿ 10ರಂದು ತನ್ನದೇ ಮೈದಾನದಲ್ಲಿ ಶೆಫೀಲ್ಡ್ ಯುನೈಟೆಡ್ ಎದುರು 1-3ರಿಂದ ಸೋತಿತು. ಶೆಫೀಲ್ಡ್ ಆ ವರ್ಷ ಗೆದ್ದದ್ದೇ ಮೂರು ಪಂದ್ಯ, ಬಿಟ್ಟುಕೊಟ್ಟದ್ದು 104 ಗೋಲು. ಕೊನೆಗೆ ಲೂಟನ್ 26 ಅಂಕದೊಂದಿಗೆ 18ನೇ ಸ್ಥಾನಕ್ಕೆ ಬಿತ್ತು. 17ನೇ ಸ್ಥಾನದಲ್ಲಿದ್ದ ನಾಟಿಂಗ್‌ಹ್ಯಾಮ್ ಫಾರೆಸ್ಟ್‌ಗೆ, 4 ಅಂಕ ಕಡಿತವಾದ ಮೇಲೂ 32 ಇತ್ತು.

ಹಾಗಾಗಿ ಹೊಸ ತಂಡದ ಭವಿಷ್ಯ ನೋಡಬೇಕಾದರೆ ಮೊದಲು ಮಾಡಬೇಕಾದ ಕೆಲಸ ಸರಳ. ಕೊನೆಯ ಏಳು ಸ್ಥಾನಗಳಲ್ಲಿ ಯಾರು ಸುತ್ತಾಡಬಹುದು ಅಂತ ಒಂದು ಪಟ್ಟಿ ಹಾಕಿ. ಅವರಲ್ಲಿ ಒಂದು ತಂಡಕ್ಕೆ ಉಳಿದ ಆರು ಮಂದಿಯ ಜೊತೆ 12 ಪಂದ್ಯ ಇರುತ್ತವೆ. ಅಲ್ಲಿ 18 ಅಂಕ ಬಂದರೆ, ಅಂದರೆ ಪಂದ್ಯಕ್ಕೆ ಒಂದೂವರೆ, ಉಳಿದ 26 ಪಂದ್ಯಗಳಲ್ಲಿ ಅಲ್ಲೊಂದು ಇಲ್ಲೊಂದು ಹೆಕ್ಕಿಕೊಂಡರೂ ಸಾಕು. ಋತುವಿನ ನಡುವೆ ಅಂಕಪಟ್ಟಿಗಿಂತ ಈ ಪುಟ್ಟ ಲೆಕ್ಕ ಹೆಚ್ಚು ಸತ್ಯ ಹೇಳುತ್ತದೆ.

'40 ಅಂಕ ಬೇಕು' ಅನ್ನುವ ಹಳೆಯ ಮಾತನ್ನಂತೂ ಬದಿಗಿಡಬಹುದು. 2002-03ರಲ್ಲಿ ವೆಸ್ಟ್ ಹ್ಯಾಮ್ 42 ಅಂಕ ಪಡೆದೂ ಇಳಿದದ್ದು ನಿಜ. ಆದರೆ 2023-24ರಲ್ಲಿ ಉಳಿಯಲು 27 ಸಾಕಿತ್ತು, ಮರುವರ್ಷ 26. ಮೇಲೆ ಬಂದ ಮೂರಕ್ಕೆ ಮೂರೂ ತಂಡಗಳು ಅದೇ ವರ್ಷ ಕೆಳಗಿಳಿದದ್ದು 1997-98ರಲ್ಲೂ ಆಗಿತ್ತು: ಬೋಲ್ಟನ್ 40, ಬಾರ್ನ್‌ಸ್ಲಿ 35, ಕ್ರಿಸ್ಟಲ್ ಪ್ಯಾಲೆಸ್ 33, ಒಟ್ಟು 108. 2023-24ರ ಮೂವರದ್ದು ಕೂಡಿದರೆ 66, 2024-25ರ ಮೂವರದ್ದು 59. ಅಂದು ಹೊಸ್ತಿಲಲ್ಲಿ ಎಡವಿ ಬಿದ್ದರು, ಈ ಎರಡು ವರ್ಷ ಹೊಸ್ತಿಲವರೆಗೂ ಬರಲಿಲ್ಲ.

ಚಾಂಪಿಯನ್‌ಶಿಪ್‌ನಲ್ಲಿ, ಅಂದರೆ ಪ್ರೀಮಿಯರ್ ಲೀಗ್‌ನ ಕೆಳಗಿನ ಲೀಗ್‌ನಲ್ಲಿ, ಗಳಿಸಿದ ಅಂಕ ನೋಡಿ ಭವಿಷ್ಯ ಹೇಳುವವರಿಗೆ ಬರ್ನ್‌ಲಿಯೇ ಉತ್ತರ. ವಿನ್ಸೆಂಟ್ ಕಾಂಪನಿ ಕೈಕೆಳಗೆ 2022-23ರಲ್ಲಿ 101 ಅಂಕ, ಮರುವರ್ಷ ಪ್ರೀಮಿಯರ್ ಲೀಗ್‌ನಲ್ಲಿ 24. ಕಾರಣ ಆಟದ ರೀತಿಯಲ್ಲೇ ಇದೆ. ಕೆಳಗಿನ ಲೀಗ್‌ನಲ್ಲಿ ಚೆಂಡು ಹೆಚ್ಚು ಹೊತ್ತು ಇವರ ಕಾಲಲ್ಲೇ ಇರುತ್ತದೆ. ಫುಲ್‌ಬ್ಯಾಕ್‌ಗಳು (ಡಿಫೆನ್ಸ್‌ನ ಎರಡು ಅಂಚಿನವರು) ಮೇಲೇರಿ ಆಡುತ್ತಾರೆ, ಗೋಲ್‌ಕೀಪರ್ ಹತ್ತಿರದ ಸೆಂಟರ್ ಬ್ಯಾಕ್‌ಗೆ ಪಾಸ್ ಕೊಟ್ಟು ಆಟ ಕಟ್ಟುತ್ತಾನೆ. ತಪ್ಪಾದರೂ ಎದುರಾಳಿ ಸ್ಟ್ರೈಕರ್ ಹತ್ತರಲ್ಲಿ ಎಂಟು ಸಲ ಹಾಳು ಮಾಡಿಕೊಳ್ಳುತ್ತಾನೆ. ಮೇಲಿನ ಲೀಗ್‌ನಲ್ಲಿ ಆ ರಿಯಾಯಿತಿ ಇಲ್ಲ. ಪ್ರೆಸ್ ಮಾಡಲು, ಅಂದರೆ ಚೆಂಡಿದ್ದವನ ಮೇಲೆ ಮುಗಿಬೀಳಲು, ಮೂವರು ಒಟ್ಟಿಗೆ ಬರುತ್ತಾರೆ, ಪೆನಾಲ್ಟಿ ಬಾಕ್ಸ್ ಅಂಚಲ್ಲಿ ಚೆಂಡು ಕಳೆದರೆ ಎರಡೇ ಸ್ಪರ್ಶದಲ್ಲಿ ಗೋಲು. ಮೇಲೆ ಹೋದ ಫುಲ್‌ಬ್ಯಾಕ್ ಹಿಂದಿನ ಖಾಲಿ ಜಾಗವಂತೂ ಹೆದ್ದಾರಿ. ಸೌತಾಂಪ್ಟನ್‌ನ ಕೋಚ್ ರಸೆಲ್ ಮಾರ್ಟಿನ್ ಇದನ್ನು ಬದಲಿಸಲು ಒಪ್ಪಲೇ ಇಲ್ಲ. 16 ಪಂದ್ಯಗಳಲ್ಲಿ ಒಂದೇ ಗೆಲುವು, 5 ಅಂಕ. ಟಾಟೆನ್‌ಹ್ಯಾಮ್ ಎದುರು 0-5 ಆದ ದಿನವೇ ಕೆಲಸ ಹೋಯಿತು. ಏಳು ಪಂದ್ಯ ಬಾಕಿ ಇರುವಾಗಲೇ ತಂಡದ ಹಿಂಬಡ್ತಿಯೂ ಖಚಿತವಾಯಿತು.

ಇದನ್ನು ತತ್ವನಿಷ್ಠೆ ಅಂತ ಹೊಗಳುವವರಿದ್ದಾರೆ. ನನಗೆ ಅದು ಹಟ ಅನ್ನಿಸುತ್ತದೆ.

ಹಾಗಂತ ಬರೀ ಡಿಫೆನ್ಸ್ ನೋಡಿಯೂ ಹೇಳಲಾಗದು. ಸ್ಕಾಟ್ ಪಾರ್ಕರ್‌ನ ಬರ್ನ್‌ಲಿ 2024-25ರಲ್ಲಿ 46 ಪಂದ್ಯಗಳಲ್ಲಿ ಬಿಟ್ಟುಕೊಟ್ಟದ್ದು 16 ಗೋಲು, 30 ಕ್ಲೀನ್ ಶೀಟ್ (ಒಂದೂ ಗೋಲು ಬಿಡದ ಪಂದ್ಯ). ಕಣ್ಣು ಕುಕ್ಕುವ ಅಂಕಿ. ಆದರೆ ಆ ಅಂಕಿಯ ಅರ್ಧ ಯಜಮಾನನಾಗಿದ್ದ ಗೋಲ್‌ಕೀಪರ್ ಜೇಮ್ಸ್ ಟ್ರಾಫರ್ಡ್ ಆ ಬೇಸಿಗೆಯಲ್ಲೇ ಮ್ಯಾಂಚೆಸ್ಟರ್ ಸಿಟಿಗೆ ಹೋದ. ಕೆಳಗಿನ ಲೀಗ್‌ನ ಅಂಕಿ ಓದುವ ಮೊದಲು ಆ ಅಂಕಿ ಮಾಡಿದವರು ಇನ್ನೂ ತಂಡದಲ್ಲಿದ್ದಾರೆಯೇ ಅಂತ ನೋಡಬೇಕು.

ಇದಕ್ಕೆ ತದ್ವಿರುದ್ಧ ಉದಾಹರಣೆ ಸಂಡರ್‌ಲ್ಯಾಂಡ್. ಅದೇ ವರ್ಷ ಲೀಡ್ಸ್ ಮತ್ತು ಬರ್ನ್‌ಲಿ ತಲಾ 100 ಅಂಕ ಗಳಿಸಿದ್ದಾಗ ಇವರದ್ದು 76, ನಾಲ್ಕನೇ ಸ್ಥಾನ. ಬಡ್ತಿಯ ಕೊನೆಯ ಜಾಗಕ್ಕಾಗಿ ನಡೆಯುವ ಪ್ಲೇಆಫ್ ಫೈನಲ್‌ನಲ್ಲಿ 95ನೇ ನಿಮಿಷದಲ್ಲಿ ಟಾಮ್ ವಾಟ್ಸನ್ ಹೊಡೆದ ಗೋಲಿನಿಂದ ಶೆಫೀಲ್ಡ್ ಯುನೈಟೆಡ್ ವಿರುದ್ಧ 2-1. ಅಂಕ ನೋಡಿ ಹೇಳುವುದಾದರೆ ಇವರೇ ಮೊದಲು ಇಳಿಯಬೇಕಿದ್ದವರು. ಆದರೆ ಬೇಸಿಗೆಯಲ್ಲಿ ಅವರು ಬೆನ್ನೆಲುಬನ್ನೇ ಬದಲಿಸಿದರು: ಗೋಲಿಗೆ ರಾಬಿನ್ ರೂಫ್ಸ್, ಹಿಂದೆ ಮುಕಿಯೆಲೆ, ಆಲ್ಡೆರೆಟೆ, ನಡುವೆ ಸಾದಿಕಿ, ದಿಯಾರಾ, ಮತ್ತು ಲೆವರ್ಕುಸೆನ್‌ನಿಂದ ಗ್ರಾನಿಟ್ ಝಾಕಾ. ಒಂದು ಪಂದ್ಯವನ್ನೂ ಸೋಲದೆ ಬುಂಡೆಸ್‌ಲಿಗಾ ಗೆದ್ದ ತಂಡದ ಮಿಡ್‌ಫೀಲ್ಡರ್, ಹೊಸದಾಗಿ ಬಡ್ತಿ ಪಡೆದ ತಂಡಕ್ಕೆ ನಾಯಕ. ಮಜಾ ಏನೆಂದರೆ, ಮೊದಲ ಪಂದ್ಯದಲ್ಲಿ ವೆಸ್ಟ್ ಹ್ಯಾಮ್‌ಗೆ 3-0 ಹೊಡೆದಾಗ ಗೋಲು ಹಾಕಿದ ಮಾಯೆಂಡ, ಬ್ಯಾಲರ್ಡ್, ಇಸಿಡೋರ್ ಮೂವರೂ ಹಳಬರು. ಹೊಸಬರು ತಂಡವನ್ನು ಗಟ್ಟಿ ಮಾಡಿದರು, ಹಳಬರು ಗೋಲು ಹೊಡೆದರು. ದುಡ್ಡು ಎಲ್ಲಿ ಸುರಿಯಬೇಕು ಅನ್ನುವುದಕ್ಕೆ ಇದಕ್ಕಿಂತ ಒಳ್ಳೆ ಮಾದರಿ ನನಗೆ ಕಾಣುವುದಿಲ್ಲ. ಹಲವರು ದುಡ್ಡೆಲ್ಲ ಒಬ್ಬ ಸ್ಟ್ರೈಕರ್ ಮೇಲೆ ಹಾಕುತ್ತಾರೆ. ಅವನಿಗೆ ಚೆಂಡು ಮುಟ್ಟಿಸುವವರು ಮಾತ್ರ ಹಳೆಯ ಲೀಗ್‌ನವರೇ ಆಗಿರುತ್ತಾರೆ.

ದುಡ್ಡು ಸುರಿಯಲೂ ಮಿತಿ ಇದೆ. ಆ ವರ್ಷಗಳ ಲಾಭ-ನಷ್ಟದ ನಿಯಮದಲ್ಲಿ ಮೂರು ವರ್ಷವೂ ಪ್ರೀಮಿಯರ್ ಲೀಗ್‌ನಲ್ಲಿದ್ದ ಕ್ಲಬ್ ಒಟ್ಟು 10.5 ಕೋಟಿ ಪೌಂಡ್ ನಷ್ಟ ತೋರಿಸಬಹುದಿತ್ತು, ಅಂದರೆ ವರ್ಷಕ್ಕೆ 3.5 ಕೋಟಿ. ಕೆಳಗಿನ ಲೀಗ್‌ನಲ್ಲಿ ಕಳೆದ ಪ್ರತಿ ವರ್ಷಕ್ಕೆ ಸಿಗುತ್ತಿದ್ದದ್ದು 1.3 ಕೋಟಿ ಮಾತ್ರ. ಎರಡು ವರ್ಷ ಕೆಳಗೆ, ಒಂದು ವರ್ಷ ಮೇಲೆ ಇದ್ದ ಫಾರೆಸ್ಟ್‌ನ ಮಿತಿ ಹೀಗೆ 6.1 ಕೋಟಿಗೆ ಇಳಿಯಿತು. 2022ರ ಬೇಸಿಗೆಯಲ್ಲಿ 20ಕ್ಕೂ ಹೆಚ್ಚು ಆಟಗಾರರನ್ನು ಕೊಂಡ ಅವರು ಆ ಮಿತಿಯನ್ನು 3.45 ಕೋಟಿಯಷ್ಟು ಮೀರಿದರು. 2023-24ರಲ್ಲಿ ಹೋದ 4 ಅಂಕ ಇದರ ಬೆಲೆ. ಆದರೂ ಉಳಿದರು. ನಾಲ್ಕು ಅಂಕ ಕೊಟ್ಟು ಲೀಗ್‌ನಲ್ಲಿ ಜಾಗ ಕೊಂಡರು ಅಂತ ಯಾರಾದರೂ ಹೇಳಿದರೆ ಅಲ್ಲಗಳೆಯುವುದು ಕಷ್ಟ.

ನಮ್ಮ ಕಡೆಯ ಪಾಠವೂ ಬೇರೆಯಲ್ಲ. ದೇಶದ ಎರಡನೇ ಹಂತದ ಐ-ಲೀಗ್ ಗೆದ್ದು ಮೇಲಿನ ಲೀಗ್ ಆದ ಐಎಸ್ಎಲ್‌ಗೆ ಬಂದ ಮೊಹಮ್ಮಡನ್ ಸ್ಪೋರ್ಟಿಂಗ್ 2025ರ ಜನವರಿಯಲ್ಲಿ ಕಂಠೀರವದಲ್ಲೇ ಬೆಂಗಳೂರು ಎಫ್‌ಸಿಯನ್ನು 1-0ಯಿಂದ ಸೋಲಿಸಿತು. ಋತುವಿನಲ್ಲಿ ಅದು ಗೆದ್ದ ಎರಡು ಪಂದ್ಯಗಳಲ್ಲಿ ಅದೂ ಒಂದು. ಕೊನೆಗೆ 13 ಅಂಕ, ಕಟ್ಟಕಡೆಯ ಸ್ಥಾನ. ಐಎಸ್ಎಲ್‌ನಲ್ಲಿ ಹಿಂಬಡ್ತಿ ಇರಲಿಲ್ಲವಾದ್ದರಿಂದ ಬಚಾವು. ಐ-ಲೀಗ್‌ನಲ್ಲಿ ಅದು ಇತ್ತು. ಐ-ಲೀಗ್ 2 ಗೆದ್ದು ಮೇಲೆ ಬಂದ ನಮ್ಮ ಎಸ್‌ಸಿ ಬೆಂಗಳೂರು 2024-25ರಲ್ಲಿ ಒಂದೇ ವರ್ಷಕ್ಕೆ ವಾಪಸ್ಸಾಯಿತು.

ಅಂತಾರಾಷ್ಟ್ರೀಯ ಟೂರ್ನಿಗಳು ಈ ಲೆಕ್ಕದೊಳಗೆ ಎರಡು ದಾರಿಯಲ್ಲಿ ಬರುತ್ತವೆ. ಒಂದು, ಆಟಗಾರರನ್ನು ಕಿತ್ತುಕೊಳ್ಳುವುದು. 2025ರ ಆಫ್ರಿಕಾ ಕಪ್ ಮೊರಾಕೊದಲ್ಲಿ ಡಿಸೆಂಬರ್ 21ರಿಂದ ಜನವರಿ 18ರವರೆಗೆ ನಡೆಯಿತು. ಸಂಡರ್‌ಲ್ಯಾಂಡ್‌ನ ದಿಯಾರಾ ಸೆನೆಗಲ್‌ಗೆ, ತಾಲ್ಬಿ ಮೊರಾಕೊಗೆ, ಸಾದಿಕಿ ಕಾಂಗೊ ಪ್ರಜಾಸತ್ತಾತ್ಮಕ ಗಣರಾಜ್ಯಕ್ಕೆ, ರೈನಿಲ್ಡೊ ಮೊಜಾಂಬಿಕ್‌ಗೆ ಹೊರಟರು. ದೊಡ್ಡ ಕ್ಲಬ್‌ನಲ್ಲಿ ಅವರ ಜಾಗಕ್ಕೆ ಅದೇ ದರ್ಜೆಯ ಇನ್ನೊಬ್ಬ ಸಿಗುತ್ತಾನೆ. ಬಡ್ತಿ ಪಡೆದ ತಂಡದ ಬೆಂಚ್‌ನಲ್ಲಿ ಕೂತಿರುವವನು ಹಿಂದಿನ ವರ್ಷ ಕೆಳಗಿನ ಲೀಗ್ ಆಡಿದವನು. ಕ್ರಿಸ್‌ಮಸ್ ಆಸುಪಾಸಿನ ಒತ್ತೊತ್ತಾದ ಪಂದ್ಯಗಳೂ ಅದೇ ಹೊತ್ತಿಗೆ ಬರುತ್ತವೆ. ಆಟಗಾರರನ್ನು ಕೊಳ್ಳುವಾಗಲೇ ಕ್ಯಾಲೆಂಡರ್ ನೋಡಬೇಕು ಅನ್ನುವುದು ಇದಕ್ಕೇ.

ಎರಡನೆಯದು ಟೂರ್ನಿಯ ತಂಡಗಳ ಲೆಕ್ಕ. ವಿಶ್ವಕಪ್‌ಗೆ ಮೊದಲ ಸಲ ಬರುವ ದೇಶವೂ ಒಂದು ರೀತಿ ಬಡ್ತಿ ಪಡೆದ ತಂಡವೇ. ಆದರೆ ಲೀಗ್‌ನ ತೂಕದ ಕಲ್ಲು ಹಿಡಿದು ಅವರನ್ನು ತೂಗಿದರೆ ತಪ್ಪುತ್ತದೆ. 38 ಪಂದ್ಯ ಆಡುವವನು ಅಷ್ಟೂ ದಿನ ಗೋಡೆ ಕಟ್ಟಿ ಕೂರಲಾಗದು. ಮೂರು ಪಂದ್ಯ ಆಡುವವನು ಕೂರಬಹುದು. ಅಲ್ಲಿ ಎಷ್ಟು ಗೋಲುಗಳಿಂದ ಸೋತೆ ಅನ್ನುವುದೇ ಮುಖ್ಯ.

ಯುರೋ ಕಪ್ 24 ತಂಡಗಳಿಗೆ ಹಿಗ್ಗಿದ ಮೇಲೆ ಆರು ಗುಂಪುಗಳ ಮೂರನೇ ಸ್ಥಾನಿಗಳಲ್ಲಿ ನಾಲ್ವರಿಗೆ ಮುಂದಿನ ಹಂತ ಸಿಗುತ್ತಿದೆ. 2016, 2020, 2024, ಮೂರೂ ಟೂರ್ನಿ ತೆಗೆದುಕೊಳ್ಳಿ. ಮೂರನೇ ಸ್ಥಾನದಲ್ಲಿ 4 ಅಂಕ ಇದ್ದವರೆಲ್ಲ ದಾಟಿದರು. 3 ಅಂಕ ಇದ್ದವರಲ್ಲಿ ಗೋಲು ಅಂತರ (ಹೊಡೆದದ್ದರಲ್ಲಿ ಬಿಟ್ಟುಕೊಟ್ಟದ್ದನ್ನು ಕಳೆದರೆ ಉಳಿಯುವುದು) ಸೊನ್ನೆ ಅಥವಾ -1 ಇದ್ದವರು ದಾಟಿದರು: ಪೋರ್ಚುಗಲ್, ಉತ್ತರ ಐರ್ಲೆಂಡ್, ಉಕ್ರೇನ್, ಸ್ಲೊವೇನಿಯಾ. -2 ಅಥವಾ ಅದಕ್ಕಿಂತ ಕೆಳಗಿದ್ದವರು ಮನೆಗೆ: ಟರ್ಕಿ, ಅಲ್ಬೇನಿಯಾ, ಫಿನ್‌ಲೆಂಡ್, ಸ್ಲೊವಾಕಿಯಾ, ಹಂಗರಿ. ಮೂರೂ ಡ್ರಾ ಮಾಡಿಕೊಂಡು ದಾಟಿದ ಪೋರ್ಚುಗಲ್ 2016ರಲ್ಲಿ ಕಪ್ಪನ್ನೇ ಎತ್ತಿತು. ಅದೇ ವರ್ಷ ಉತ್ತರ ಐರ್ಲೆಂಡ್ ಜರ್ಮನಿ ಎದುರು 0-1ರಿಂದ ಸೋತಿತು. ಗೋಲ್‌ಕೀಪರ್ ಮೆಕ್‌ಗವರ್ನ್ ಒಂದರ ಹಿಂದೊಂದು ಹೊಡೆತ ತಡೆದ ಪಂದ್ಯವದು. ಅದೇ 0-3 ಆಗಿದ್ದರೆ ಅವರೂ ಟರ್ಕಿ, ಅಲ್ಬೇನಿಯಾ ಸಾಲಿಗೆ ಸೇರುತ್ತಿದ್ದರು. ಸೋತ ಪಂದ್ಯವೇ ಅವರನ್ನು ಮುಂದಕ್ಕೆ ಕಳಿಸಿತು.

ಈ ಗೆರೆ ಕಲ್ಲಿನ ಮೇಲೆ ಕೊರೆದದ್ದೇನೂ ಅಲ್ಲ. 1994ರ ವಿಶ್ವಕಪ್‌ನಲ್ಲೂ ಆರು ಗುಂಪುಗಳ ಇದೇ ಪದ್ಧತಿ ಇತ್ತು. ಕ್ಯಾಮರೂನ್‌ಗೆ 6-1 ಹೊಡೆದ ರಷ್ಯಾ 3 ಅಂಕ, +1 ಅಂತರ ಇದ್ದೂ ಹೊರಬಿತ್ತು. 2024ರ ಯುರೋದಲ್ಲಿ ಉಕ್ರೇನ್ ಗುಂಪಿನ ನಾಲ್ವರಿಗೂ 4 ಅಂಕ. -2 ಅಂತರದ ಉಕ್ರೇನ್ ನಾಲ್ಕನೆಯದಾಗಿ ಉಳಿದದ್ದರಿಂದ ಆ 4 ಅಂಕ ಕೆಲಸಕ್ಕೇ ಬರಲಿಲ್ಲ. ಮೊದಲ ಪಂದ್ಯದಲ್ಲಿ ರೊಮೇನಿಯಾ ಎದುರು ಬಿದ್ದ 0-3 ಅವರನ್ನು ಮುಳುಗಿಸಿತು.

2026ರ ವಿಶ್ವಕಪ್‌ನಲ್ಲಿ 48 ತಂಡ, 12 ಗುಂಪು, ಮೂರನೇ ಸ್ಥಾನದ 12ರಲ್ಲಿ 8ಕ್ಕೆ ಅವಕಾಶ. ಮೂರರಲ್ಲಿ ಎರಡು ಪಾಲು, ಯುರೋದ ಅನುಪಾತವೇ. ಆದರೆ ಗುಂಪುಗಳೊಳಗೆ ಬಲದ ಅಂತರ ಯುರೋಗಿಂತ ದೊಡ್ಡದು, ಏಕಪಕ್ಷೀಯ ಸೋಲು ಹೆಚ್ಚು. ಹಾಗಾಗಿ ದಾಟುವ ಗೆರೆ -1ರಿಂದ ಕೆಳಕ್ಕೆ ಸರಿಯಬಹುದು ಅನ್ನುವುದು ನನ್ನ ಅಂದಾಜು.

ಇಲ್ಲಿ ಪಂದ್ಯಗಳ ಕ್ರಮವೂ ಆಟ ಆಡುತ್ತದೆ. 2022ರಲ್ಲಿ ಟ್ಯುನೀಸಿಯಾ ಫ್ರಾನ್ಸನ್ನು, ಕ್ಯಾಮರೂನ್ ಬ್ರೆಜಿಲನ್ನು, ದಕ್ಷಿಣ ಕೊರಿಯಾ ಪೋರ್ಚುಗಲನ್ನು ಸೋಲಿಸಿದ್ದು ಮೂರನೇ ಪಂದ್ಯದಲ್ಲಿ, ಆ ದೊಡ್ಡವರು ಆಗಲೇ ದಾಟಿ ಬೆಂಚ್‌ನವರನ್ನು ಇಳಿಸಿದ್ದಾಗ. 2024ರ ಯುರೋದಲ್ಲಿ ಜಾರ್ಜಿಯಾ ಪೋರ್ಚುಗಲ್‌ಗೆ 2-0 ಕೊಟ್ಟದ್ದೂ ಹಾಗೇ. ಮೊದಲ ಸಲ ಬಂದ ನಾಲ್ಕು ದೇಶಗಳ ವೇಳಾಪಟ್ಟಿಯನ್ನು ಈ ಕಣ್ಣಿನಿಂದ ನೋಡಿ. ಕುರಸಾವೊಗೆ ಮೊದಲ ಪಂದ್ಯವೇ ಜರ್ಮನಿ, ಕೇಪ್ ವರ್ಡಿಗೆ ಮೊದಲ ಪಂದ್ಯವೇ ಸ್ಪೇನ್. ಹಸಿದ ದೊಡ್ಡ ತಂಡ, ಗೋಲು ಅಂತರ ಮೊದಲ ದಿನವೇ ಹಾಳಾಗುವ ಭಯ. ಉಜ್ಬೇಕಿಸ್ತಾನಕ್ಕೆ ಪೋರ್ಚುಗಲ್ ನಡುವೆ. ಜೋರ್ಡಾನ್‌ಗೆ ಮಾತ್ರ ಮೊದಲು ಆಸ್ಟ್ರಿಯಾ, ಆಮೇಲೆ ಅಲ್ಜೀರಿಯಾ, ಕೊನೆಗೆ ಅರ್ಜೆಂಟೀನಾ. ಅದರ ಮೇಲೆ ಅವರ ಜೆ ಗುಂಪು ಮುಗಿಯುವುದು ಕೊನೆಯ ದಿನ, ಜೂನ್ 27ಕ್ಕೆ. ಎ ಗುಂಪಿನವರು 24ಕ್ಕೇ ಆಟ ಮುಗಿಸಿ, 2016ರಲ್ಲಿ ಅಲ್ಬೇನಿಯಾ ಕಾದಂತೆ, ಮೂರು ದಿನ ಬೇರೆಯವರ ಫಲಿತಾಂಶ ಕಾಯಬೇಕು. ಜೋರ್ಡಾನ್ ಕೋಚ್‌ಗಾದರೆ ಒಂದು ಗೋಲಿನ ಸೋಲು ಸಾಕೇ, ಡ್ರಾ ಬೇಕೇ ಅನ್ನುವ ಲೆಕ್ಕ ಬಹುಪಾಲು ಕೈಯಲ್ಲಿರುತ್ತದೆ. ನಮ್ಮ ಗಡಿಯಾರದಲ್ಲಿ ಆ ಪಂದ್ಯ ಜೂನ್ 28ರ ಭಾನುವಾರ ಬೆಳಿಗ್ಗೆ, ಇಡ್ಲಿ ಬೇಯುವ ಹೊತ್ತು.