ಹಿಮ ಬರುತ್ತದೆ, ಬರುವುದಿಲ್ಲ

ಸೋಮವಾರ ಬಾಸ್ಟನ್‌ಗೆ 12 ಅಂಗುಲ ಹಿಮ ಎಂದಿದ್ದ ಅಮೆರಿಕದ ಜಿಎಫ್‌ಎಸ್ ಎಂಬ ಹವಾಮಾನ ಮುನ್ಸೂಚನೆಯ ಕಂಪ್ಯೂಟರ್ ಮಾದರಿ ಇಂದು ಬೆಳಿಗ್ಗೆ 3 ಅಂಗುಲಕ್ಕೆ ಇಳಿದಿದೆ. ಯೂರೋಪಿನ ಮಾದರಿ ಮಾತ್ರ ಹಟ ಬಿಟ್ಟಿಲ್ಲ. ಜಿಎಫ್‌ಎಸ್ ದಿನಕ್ಕೆ 4 ಬಾರಿ ಹೊಸ ಲೆಕ್ಕ ಕೊಡುತ್ತದೆ, ನಾನು ನಾಲ್ಕೂ ಬಾರಿ ನೋಡುತ್ತೇನೆ. ಜಾತಕ ನೋಡುವ ಚಟಕ್ಕಿಂತ ಇದೇನೂ ಕಡಿಮೆಯಲ್ಲ ಎಂದು ಹೆಂಡತಿಯ ತೀರ್ಪು.

ಎಲ್ಲವೂ ಬಿರುಗಾಳಿ ಹಿಡಿಯುವ ದಾರಿಯ ಮೇಲೆ ನಿಂತಿದೆ. ಅಟ್ಲಾಂಟಿಕ್‌ನಲ್ಲಿ 40 ಡಿಗ್ರಿ ಉತ್ತರ, 70 ಡಿಗ್ರಿ ಪಶ್ಚಿಮದ ಆಸುಪಾಸಿನಲ್ಲಿ ಹಾದರೆ ನಮಗೆ ಸಾಮಾನ್ಯವಾಗಿ ಹಿಮದ ಹಬ್ಬ. ತೀರಕ್ಕೆ ತೀರಾ ಹತ್ತಿರ ಬಂದರೆ ಕಡಲಿನ ಬೆಚ್ಚನೆಯ ಗಾಳಿ ನುಗ್ಗಿ ಬರೀ ಮಳೆ. ದೂರ ಸರಿದರೆ ಅದೂ ಇಲ್ಲ.

ಅಕ್ಕ, ಭಾವ, ಮಕ್ಕಳು 24ರಂದು ನ್ಯೂಜೆರ್ಸಿಯಿಂದ ಕಾರಿನಲ್ಲಿ ಹೊರಡಬೇಕು. "ಹೊರಡುವುದೋ ಬೇಡವೋ, ಒಂದು ಮಾತು ಹೇಳು" ಎಂದು ಅಕ್ಕ ದಿನವೂ ಕೇಳುತ್ತಾಳೆ. ದಿನವೂ ನನ್ನ ಉತ್ತರ ಬೇರೆ. ಮಕ್ಕಳಿಗಂತೂ ಹಿಮ ಬೇಕೇ ಬೇಕು. ನಿಜ ಹೇಳಬೇಕೆಂದರೆ ನನಗೂ.

ರಾತ್ರಿ ತೀರ್ಥಹಳ್ಳಿಯಿಂದ ಅಮ್ಮನ ಫೋನು: "ಅಡಿಕೆ ಅಂಗಳದಲ್ಲಿದೆ, ಮೋಡ ಕಟ್ಟಿದೆ. ನಿನ್ನ ಕಂಪ್ಯೂಟರಿನಲ್ಲಿ ನೋಡಿ ಹೇಳು, ಒಳಗೆ ತುಂಬಿಸಲೋ?"

ತುಂಬಿಸಮ್ಮ ಎಂದೆ. ಹಿಮ ತೆಗೆಯುವ ಸಲಿಕೆ, ಅದನ್ನು ಕರಗಿಸುವ ಉಪ್ಪಿನ ಚೀಲವನ್ನು ನಾನೂ ಬಾಗಿಲ ಬಳಿ ತಂದಿಟ್ಟೆ.