ನಾಲ್ಕು ಪಿನ್ನಿನ ಬಕೆಟ್ ಬಿಟ್ಟು ಎರಡು ಲಿವರಿನ ಲೋಡರಿಗೆ

ಟ್ರ್ಯಾಕ್ಟರಿನ ಹಿಂಭಾಗದ ವಿಷಯದಲ್ಲಿ ರೈತರಿಗೆ ಒಂದು ದೊಡ್ಡ ಉಪಕಾರ ಆಗಿದೆ. 1939ರಲ್ಲಿ ಫೋರ್ಡ್ 9ಎನ್ ಬಂದಾಗ ಅದರ ಹಿಂದೆ ಹ್ಯಾರಿ ಫರ್ಗ್ಯುಸನ್ ರೂಪಿಸಿದ, ಸಲಕರಣೆಯನ್ನು ಮೂರು ಕಡೆ ಸಿಕ್ಕಿಸಿ ಎತ್ತುವ ಮೂರು ಪಾಯಿಂಟಿನ ಲಿಂಕೇಜ್ ಇತ್ತು. ಕ್ರಮೇಣ ಉಳಿದ ಕಂಪನಿಗಳೂ ಅದೇ ದಾರಿ ಹಿಡಿದವು. ಅದಕ್ಕೇ ಇವತ್ತು ಅರಸೀಕೆರೆ ಹತ್ತಿರದ ನಮ್ಮೂರಲ್ಲಿ ಮಹೀಂದ್ರ ಇರುವವರು ಸ್ವರಾಜ್ ಇರುವವರ ಕಲ್ಟಿವೇಟರ್ ಕೇಳಿ ತಂದು, ಹೊಲ ಹೊಡೆದು, ಸಂಜೆಗೆ ವಾಪಸ್ ಬಿಟ್ಟು ಬರುತ್ತಾರೆ. ಯಾರ ಕಂಪನಿ ಯಾವುದು ಅಂತ ಯಾರೂ ಕೇಳುವುದಿಲ್ಲ.

ಟ್ರ್ಯಾಕ್ಟರಿನ ಮುಂಭಾಗಕ್ಕೆ ಈ ಭಾಗ್ಯ ಬಹಳ ಕಾಲ ಇರಲಿಲ್ಲ. ಮುಂದೆ ಹೊರೆ ಎತ್ತಲು ಎರಡು ತೋಳಿನ ಲೋಡರ್ ಇರುತ್ತದೆ, ಅದರ ಬಕೆಟ್ಟನ್ನು ಒಂದೊಂದು ಕಂಪನಿ ಒಂದೊಂದು ಅಳತೆಯಲ್ಲಿ ಕೂರಿಸುತ್ತಿತ್ತು. ನನ್ನ ಹಳೆಯ ಕುಬೋಟಾದ್ದೂ ಅದೇ ಕಥೆ. ನಾನಿರುವುದು ಅಮೆರಿಕದ ಮಿನ್ನೆಸೋಟದಲ್ಲಿ, ಫರ್ಗಸ್ ಫಾಲ್ಸ್ ಊರಿನ ಹೊರಗೆ. ಸ್ವಲ್ಪ ಜಮೀನು, ಕೆಲವು ಕುರಿ, ಮೂವತ್ತು ಎಚ್‌ಪಿಯ ಟ್ರ್ಯಾಕ್ಟರ್. ಲೋಡರಿನ ಎರಡು ತೋಳಿನ ತುದಿಗೆ ಎರಡು ಪಿನ್ನು, ಬಕೆಟ್ ಮಗುಚುವ ಎರಡು ಸಿಲಿಂಡರಿಗೆ ಎರಡು ಪಿನ್ನು. ಬಕೆಟ್ ಬಿಚ್ಚಬೇಕು ಅಂದರೆ ನಾಲ್ಕನ್ನೂ ಸುತ್ತಿಗೆಯಿಂದ ಹೊಡೆದು ತೆಗೆಯಬೇಕು. ಜನವರಿಯಲ್ಲಿ ಇಲ್ಲಿ ಮೈನಸ್ 25 ಡಿಗ್ರಿ ಇರುತ್ತದೆ. ಗ್ರೀಸ್ ಗಟ್ಟಿಯಾಗಿ ಪಿನ್ನು ಕದಲುವುದೇ ಇಲ್ಲ. ಹೀಗಾಗಿ ಹಿಮ ತೆಗೆಯುವ ಅಗಲ ಬಕೆಟ್, ಹುಲ್ಲಿನ ಉರುಳೆ ಎತ್ತುವ ಈಟಿ, ಸಾಮಾನಿನ ಹಲಗೆ ಎತ್ತುವ ಕವಲು ಅಂದರೆ ಪ್ಯಾಲೆಟ್ ಫೋರ್ಕ್, ಯಾವುದನ್ನೂ ಹಾಕುವ ಯೋಚನೆಯೇ ಬರುವುದಿಲ್ಲ. ಒಂದೇ ಬಕೆಟ್ಟಿನಲ್ಲಿ ಎಲ್ಲ ಕೆಲಸ ಮಾಡುತ್ತಾ ಇರುತ್ತೇವೆ. ಅಕ್ಕಪಕ್ಕದ ಮನೆಗಳಲ್ಲಿ ಈ ಎಲ್ಲ ಸಲಕರಣೆಯೂ ಇದೆ, ಕೇಳಿದರೆ ಕೊಡುತ್ತಾರೆ. ನನ್ನ ಲೋಡರಿಗೆ ಮಾತ್ರ ಹೊಂದುವುದಿಲ್ಲ. ಈ ಕೊರತೆ ನೀಗಿಸಲೆಂದೇ, ಸುತ್ತಿಗೆ ಇಲ್ಲದೆ ಬಕೆಟ್ ಬೇಗ ಬದಲಿಸುವ ಜೋಡಣೆ, ಅಂದರೆ ಕ್ವಿಕ್ ಅಟ್ಯಾಚ್ ಹಾಕಿದೆ.

ಕ್ವಿಕ್ ಅಟ್ಯಾಚ್‌ಗಳಲ್ಲಿ ಹಲವು ಬಗೆ ಇವೆ. ಜಾನ್ ಡಿಯರ್‌ಗೆ ತನ್ನದೇ ಒಂದು ಇದೆ, ಯೂರೋಪಿನಲ್ಲಿ ಯೂರೋ ಹಿಚ್ ನಡೆಯುತ್ತದೆ. ನಾನು ಆರಿಸಿಕೊಂಡದ್ದು ಸ್ಕಿಡ್ ಸ್ಟಿಯರ್, ಅಂದರೆ ನಿಂತಲ್ಲೇ ತಿರುಗುವ ಚಿಕ್ಕ ಲೋಡರ್ ಯಂತ್ರದ ಬಗೆಯದು. ಅದರ ಮೂಲ ನಮ್ಮ ಮನೆಯಿಂದ ಅರ್ಧ ಗಂಟೆ ದೂರದಲ್ಲೇ ಇದೆ ಅನ್ನುವುದು ನನಗೆ ಈಗಲೂ ಖುಷಿ ಕೊಡುವ ಸಂಗತಿ. ರಾತ್ಸೆ ಅಂತ ಒಂದು ಪುಟ್ಟ ಊರು. ದೊಡ್ಡ ಪ್ರೇರಿ ಕೋಳಿಯ ಪ್ರತಿಮೆ ಇರುವ ಊರು. ಅದರ ಹತ್ತಿರ ಲೂಯಿಸ್ ಮತ್ತು ಸಿರಿಲ್ ಕೆಲ್ಲರ್ ಅನ್ನುವ ಅಣ್ಣತಮ್ಮಂದಿರು ವೆಲ್ಡಿಂಗ್, ರಿಪೇರಿ ಅಂಗಡಿ ಇಟ್ಟುಕೊಂಡಿದ್ದರು. ಒಬ್ಬ ಟರ್ಕಿ ಕೋಳಿ ಸಾಕುವ ರೈತನಿಗೆ ಕೊಟ್ಟಿಗೆಯ ಗೊಬ್ಬರ ತೆಗೆಯಲು ಒಂದು ಚಿಕ್ಕ ಯಂತ್ರ ಬೇಕಿತ್ತು. ಕಂಬಗಳ ನಡುವೆ ನಿಂತಲ್ಲೇ ತಿರುಗಬೇಕು. ಅವನಿಗಾಗಿ 1957ರಲ್ಲಿ ಮೂರು ಚಕ್ರದ ಲೋಡರ್ ಮಾಡಿಕೊಟ್ಟರು. ಮರುವರ್ಷ ನಾರ್ತ್ ಡಕೋಟದ ಗ್ವಿನ್ನರ್ ಊರಿನ ಮೆಲ್ರೋ ಕಂಪನಿ ಅದನ್ನು ಕೈಗೆತ್ತಿಕೊಂಡಿತು. 1960ರಲ್ಲಿ ನಾಲ್ಕು ಚಕ್ರ ಬಂತು, 1962ರಲ್ಲಿ ಬಾಬ್‌ಕ್ಯಾಟ್ ಎಂಬ ಹೆಸರು ಬಂತು. 1970ರಲ್ಲಿ ಅವರು ಬಾಬ್‌ಟ್ಯಾಚ್ ಅನ್ನುವ ಜೋಡಣೆ ತಂದರು. ಇವತ್ತು ಸ್ಕಿಡ್ ಸ್ಟಿಯರ್ ಕ್ವಿಕ್ ಅಟ್ಯಾಚ್ ಅಂತ ಎಲ್ಲರೂ ಬಳಸುವುದು ಅದರ ಸಂತತಿ. ಐಎಸ್‌ಒ 24410 ಅಂತ ಅದಕ್ಕೆ ಅಂತರರಾಷ್ಟ್ರೀಯ ಮಾನಕವೂ ಇದೆ.

ಕೆಲಸ ಮಾಡುವ ರೀತಿ ಸರಳ. ಲೋಡರಿನ ನಾಲ್ಕು ಪಿನ್ನಿಗೆ ಒಂದು ಚೌಕಟ್ಟು ಕಾಯಂ ಕೂರುತ್ತದೆ. ಬಕೆಟ್ಟಿನ ಬೆನ್ನಿಗೆ ಒಂದು ಪ್ಲೇಟು. ಪ್ಲೇಟಿನ ಮೇಲ್ಭಾಗದಲ್ಲಿ ಓರೆಯಾಗಿ ಬಾಗಿದ ಅಂಚು, ಕೆಳಗಡೆ ಎರಡು ಉದ್ದ ತೂತು. ಚೌಕಟ್ಟನ್ನು ಮುಂದಕ್ಕೆ ಬಗ್ಗಿಸಿ ಆ ಅಂಚಿನ ಕೆಳಗೆ ತೂರಿಸಬೇಕು. ಸ್ವಲ್ಪ ಎತ್ತಿ ಹಿಂದಕ್ಕೆ ವಾಲಿಸಿದರೆ ಬಕೆಟ್ ತಾನೇ ಬಂದು ಒರಗುತ್ತದೆ. ಆಮೇಲೆ ಎರಡು ಲಿವರ್ ಒತ್ತಿದರೆ ಎರಡು ಬೆಣೆ ಪಿನ್ನು ಕೆಳಗಿಳಿದು ತೂತಿಗೆ ಕೂರುತ್ತವೆ. ಅಷ್ಟೇ.

ಕಷ್ಟ ಇರುವುದು ಜ್ಯಾಮಿತಿಯಲ್ಲಿ. ಇಲ್ಲಿ ಸಮಯ ಕೊಟ್ಟಷ್ಟೂ ಒಳ್ಳೆಯದು.

ಬಕೆಟ್ಟಿನ ಹಿಂದೆ ಇರುವ ಕಿವಿಗಳನ್ನು, ಅಂದರೆ ಪಿನ್ನು ತೂರುವ ತೂತುಗಳಿರುವ ಪಟ್ಟಿಗಳನ್ನು ಅಳೆಯಬೇಕು. ಕೆಳಗಿನ ತೂತಿನಿಂದ ಮೇಲಿನ ತೂತಿಗೆ ಎಷ್ಟು, ಎರಡು ಕಿವಿಗಳ ನಡುವೆ ಎಷ್ಟು, ಪಿನ್ನಿನ ದಪ್ಪ ಎಷ್ಟು. ಇವು ಹೊಸ ಚೌಕಟ್ಟಿನಲ್ಲಿ ಹಾಗೇ ಬರಬೇಕು. ಮೇಲಿನ ತೂತು ಅರ್ಧ ಇಂಚು ಆಚೀಚೆ ಆದರೂ ಬಕೆಟ್ ಹಿಂದಕ್ಕೆ ವಾಲುವ ಕೋನ, ಮಣ್ಣು ಸುರಿಯುವ ಕೋನ ಎರಡೂ ಬದಲಾಗುತ್ತವೆ. ನಾನು ಇನ್ನೂ ಒಂದು ಗುರುತು ಇಟ್ಟುಕೊಂಡೆ. ಹಳೆಯ ಬಕೆಟ್ ಸಮತಟ್ಟಾದ ಕಾಂಕ್ರೀಟ್ ಮೇಲೆ ಚಪ್ಪಟೆಯಾಗಿ ಕೂತಾಗ ಸಿಲಿಂಡರಿನ ರಾಡ್ ಎಷ್ಟು ಹೊರಗಿದೆ ಅಂತ ಅಳೆದು ಬರೆದುಕೊಂಡೆ. ಹೊಸ ಜೋಡಣೆಯಲ್ಲೂ ಬಕೆಟ್ ಚಪ್ಪಟೆ ಇದ್ದಾಗ ರಾಡ್ ಅಷ್ಟೇ ಹೊರಗಿರಬೇಕು. ಹಾಗಿದ್ದರೆ ಎರಡೂ ಕೋನ ಮೊದಲಿನಂತೆಯೇ ಉಳಿದಿವೆ ಅಂತ ಅರ್ಥ.

ಎರಡನೆಯದು ದೂರ. ಚೌಕಟ್ಟು ನಡುವೆ ಬಂದ ಮೇಲೆ ಬಕೆಟ್ ಮುಂದಕ್ಕೆ ಹೋಗಲೇಬೇಕು. ತುಂಬಿದ ಕೊಡವನ್ನು ಸೊಂಟದ ಮೇಲೆ ಇಟ್ಟುಕೊಳ್ಳುವುದಕ್ಕೂ ಕೈ ಚಾಚಿ ಹಿಡಿಯುವುದಕ್ಕೂ ವ್ಯತ್ಯಾಸ ಇದೆ ಅಲ್ವಾ, ಇದೂ ಹಾಗೇ. ಒರಟಾಗಿ ಲೆಕ್ಕ ಹಾಕೋಣ. ತೋಳಿನ ಬುಡದಿಂದ ತುದಿಯ ಪಿನ್ನಿಗೆ 2 ಮೀಟರ್. ಪಿನ್ನಿನಿಂದ ಹೊರೆಯ ನಡುವಿಗೆ 50 ಸೆಂ.ಮೀ. ಅಲ್ಲಿ 450 ಕೆ.ಜಿ. ಎತ್ತುತ್ತದೆ ಅಂದುಕೊಳ್ಳಿ. ಬಕೆಟ್ 10 ಸೆಂ.ಮೀ. ಮುಂದೆ ಹೋದರೆ ಅದು ಸುಮಾರು 433ಕ್ಕೆ ಇಳಿಯುತ್ತದೆ. ಚೌಕಟ್ಟು, ಪ್ಲೇಟು ಸೇರಿ 60 ಕೆ.ಜಿ. ತೂಗಿದರೆ ಅದನ್ನೂ ಕಳೆಯಿರಿ. ಉಳಿಯುವುದು 370ರ ಆಸುಪಾಸು. ಎತ್ತುವ ಶಕ್ತಿಯ ಬಗ್ಗೆ ಎಲ್ಲರೂ ಮಾತಾಡುತ್ತಾರೆ. ಬಕೆಟ್ ಮಗುಚುವ ಶಕ್ತಿಯ ಬಗ್ಗೆ ಯಾರೂ ಹೇಳುವುದಿಲ್ಲ. ಅಲ್ಲಿ ಹೊಡೆತ ಜಾಸ್ತಿ. ಅದರ ಲೆಕ್ಕ ತುದಿಯ ಪಿನ್ನಿನಿಂದ ಶುರು. 50 ಸೆಂ.ಮೀ. ಇದ್ದದ್ದು 60 ಆಯಿತು, ಅಂದರೆ ಆರರಲ್ಲಿ ಒಂದು ಪಾಲು ಶಕ್ತಿ ಹೋಯಿತು. ಮಣ್ಣಿನ ಗುಡ್ಡೆಗೆ ನುಗ್ಗಿ ಬಕೆಟ್ ಹಿಂದಕ್ಕೆ ತಿರುಗಿಸುವಾಗ ಇದು ಕೈಗೇ ಗೊತ್ತಾಗುತ್ತದೆ. ಅದಕ್ಕೇ ಕಿವಿಗಳನ್ನು ಚೌಕಟ್ಟಿನ ಬೆನ್ನಿಗೆ ಎಷ್ಟು ಹತ್ತಿರ ಕೂರಿಸಲು ಆಗುತ್ತೋ ಅಷ್ಟು ಹತ್ತಿರ ಕೂರಿಸಬೇಕು. ತೋಳಿನ ತುದಿ ಪೂರ್ತಿ ತಿರುಗುವಾಗ ಎಲ್ಲೂ ತಾಗಬಾರದು, ಅಷ್ಟು ಜಾಗ ಸಾಕು. ರಟ್ಟಿನಲ್ಲಿ ಕಿವಿಯ ಆಕಾರ ಕತ್ತರಿಸಿ, ಪಿನ್ನಿಗೆ ಸಿಕ್ಕಿಸಿ, ತಿರುಗಿಸಿ ನೋಡಿದರೆ ಆ ಜಾಗ ಕಣ್ಣಿಗೆ ಕಾಣುತ್ತದೆ.

ಲಿವರ್, ಸ್ಪ್ರಿಂಗ್, ಬೆಣೆ ಪಿನ್ನು ಎಲ್ಲ ಇರುವ ಚೌಕಟ್ಟು ಸಿದ್ಧ ಸಿಗುತ್ತದೆ. ಬಕೆಟ್ಟಿಗೆ ವೆಲ್ಡ್ ಮಾಡುವ ಪ್ಲೇಟೂ ಸಿಗುತ್ತದೆ. ಇವೆರಡನ್ನೂ ಕೊಂಡುಕೊಳ್ಳುವುದು ವಾಸಿ ಅನ್ನುವುದು ನನ್ನ ಅಭಿಪ್ರಾಯ. ಓರೆ ಅಂಚಿನ ಕೋನ, ತೂತಿನ ಜಾಗ ಮಾನಕದ ಪ್ರಕಾರ ಇರದೇ ಹೋದರೆ ನೆರೆಯವರ ಫೋರ್ಕ್ ಹೊಂದುವುದಿಲ್ಲ, ಇಡೀ ಉದ್ದೇಶವೇ ಹಾಳು. ಕಿವಿಗಳನ್ನು ಮಾತ್ರ ಅರ್ಧ ಇಂಚು ದಪ್ಪದ ಪ್ಲೇಟಿನಲ್ಲಿ ಕತ್ತರಿಸಿಕೊಂಡೆ. ನಾಲ್ಕನ್ನೂ ಒಟ್ಟಿಗೆ ಕಚ್ಚಿ ಹಿಡಿದು ತೂತು ಕೊರೆದರೆ ಎಲ್ಲದರ ಅಳತೆ ಒಂದೇ ಬರುತ್ತದೆ.

ಇನ್ನು ವೆಲ್ಡಿಂಗ್. ಟ್ರ್ಯಾಕ್ಟರಿನ ಮೇಲೆ ಇಟ್ಟು ಬರೀ ಟ್ಯಾಕ್, ಅಂದರೆ ಅಲ್ಲಲ್ಲಿ ಚುಕ್ಕೆಯಷ್ಟು ವೆಲ್ಡ್ ಹಾಕಿದೆ, ಪೂರ್ತಿ ವೆಲ್ಡ್ ಮಾಡಿದ್ದು ಬಿಚ್ಚಿ ಬೆಂಚಿನ ಮೇಲಿಟ್ಟು. ಟ್ಯಾಕ್ ಹಾಕುವ ಮೊದಲು ಬ್ಯಾಟರಿ ಬಿಚ್ಚಬೇಕು. ಅರ್ತ್ ಕ್ಲ್ಯಾಂಪನ್ನು ವೆಲ್ಡ್ ಮಾಡುವ ತುಂಡಿಗೇ ಹಾಕಬೇಕು. ದೂರ ಹಾಕಿದರೆ ಕರೆಂಟು ಸಿಲಿಂಡರಿನ ಪಿನ್ನು, ಬೇರಿಂಗ್ ಮೂಲಕ ಹಾದು ಅವನ್ನು ಸುಡುತ್ತದೆ. ವೆಲ್ಡಿಂಗ್ ಕಡ್ಡಿ 7018 ನಂಬರಿನದು, ಒಣಗಿದ್ದು. ತೇವ ಹೀರಿದ ಕಡ್ಡಿಯಲ್ಲಿ ಹಾಕಿದ ವೆಲ್ಡ್ ಒಳಗೇ ಬಿರುಕು ಬಿಡಬಹುದು. ಚಳಿಗಾಲದಲ್ಲಿ ಹೊರಗಿದ್ದ ಉಕ್ಕನ್ನು ತಂದ ತಕ್ಷಣ ವೆಲ್ಡ್ ಮಾಡಬಾರದು, ಮೊದಲು ಬಿಸಿ ಮಾಡಬೇಕು. ವೆಲ್ಡ್ ತಣ್ಣಗಾಗುವಾಗ ಕಿವಿಗಳನ್ನು ಒಂದು ಕಡೆಗೆ ಎಳೆಯುತ್ತದೆ. ಆದ್ದರಿಂದ ಎರಡು ಬದಿಯ ತೂತುಗಳಿಗೂ ಉದ್ದಕ್ಕೆ ಒಂದೇ ಸರಳು ತೂರಿಸಿ, ಕಿವಿಗಳ ನಡುವೆ ಅಡ್ಡ ತುಂಡು ಕೊಟ್ಟು, ಒಮ್ಮೆ ಈ ಬದಿ ಒಂದಿಷ್ಟು, ಒಮ್ಮೆ ಆ ಬದಿ ಒಂದಿಷ್ಟು ಹಾಕಬೇಕು. ಅವಸರ ಇಲ್ಲದವರಿಗೆ ಸರಳು ಕೊನೆಗೆ ಕೈಯಲ್ಲೇ ಹೊರಗೆ ಬರುತ್ತದೆ. ಲೋಡರಿನ ತೋಳಿಗೆ ಯಾವ ವೆಲ್ಡೂ ಬೇಡ. ಬಣ್ಣ ಬಳಿದದ್ದರ ಬಗ್ಗೆ ಹೇಳಲು ಏನೂ ಇಲ್ಲ.

ಪಿನ್ನು ಹೊಡೆಯುವಾಗ ಬಕೆಟ್ ನೆಲದ ಮೇಲೇ ಇರಬೇಕು. ಸಿಲಿಂಡರಿಗೆ ಹಗ್ಗ ಕಟ್ಟಿರಬೇಕು, ಇಲ್ಲದಿದ್ದರೆ ಪಿನ್ನು ಹೊರಬಂದ ತಕ್ಷಣ ಕೈಮೇಲೆ ಬೀಳುತ್ತದೆ. ಎತ್ತಿದ ಲೋಡರಿನ ಕೆಳಗೆ ಹೋಗುವ ಮಾತೇ ಇಲ್ಲ. ಹೋಸ್‌ನಿಂದ ಎಣ್ಣೆ ಸೋರುತ್ತಿದೆ ಅಂತ ಅನುಮಾನ ಬಂದರೆ ಕೈಯಿಂದ ಹುಡುಕಬಾರದು, ರಟ್ಟು ಹಿಡಿದು ನೋಡಬೇಕು. ಸಣ್ಣ ತೂತಿನಿಂದ ಚಿಮ್ಮುವ ಹೈಡ್ರಾಲಿಕ್ ಎಣ್ಣೆ ಚರ್ಮ ತೂರಿ ಒಳಗೆ ಹೋಗುತ್ತದೆ. ಅದಕ್ಕೆ ತಕ್ಷಣ ಶಸ್ತ್ರಚಿಕಿತ್ಸೆ ಬೇಕಾಗುತ್ತದೆ.

ಹೊರೆ ಮುಂದಕ್ಕೆ ಹೋದ ಮೇಲೆ ಹಿಂದೆ ತೂಕ ಬೇಕೇ ಬೇಕು. ಹಿಂದಿನ ಚಕ್ರ ಹಗುರಾದರೆ ಇಳಿಜಾರಿನಲ್ಲಿ ಟ್ರ್ಯಾಕ್ಟರ್ ಪಲ್ಟಿ ಹೊಡೆಯುವ ಅಪಾಯ ಇದೆ. ಮುಂದಿನ ಆಕ್ಸಲ್ ಮೇಲೂ ಭಾರ ಬೀಳುತ್ತದೆ. 200 ಲೀಟರಿನ ಡ್ರಮ್ಮಿಗೆ ಅರ್ಧ ಕಾಂಕ್ರೀಟ್ ತುಂಬಿದರೆ ಹತ್ತಿರ ಹತ್ತಿರ 250 ಕೆ.ಜಿ. ಆಗುತ್ತದೆ. ಅದನ್ನು ಹಿಂದಿನ ಲಿಂಕೇಜಿಗೆ ಸಿಕ್ಕಿಸಿದ್ದೇನೆ. ಈ ಕಡೆ ಹಿಂದಿನ ಟೈರಿನೊಳಗೆ ಸಕ್ಕರೆ ಬೀಟ್‌ನ ರಸ ತುಂಬಿಸುವ ಪದ್ಧತಿಯೂ ಇದೆ. ನೀರಿಗಿಂತ ತೂಕ, ಇಲ್ಲಿನ ಚಳಿಗೂ ಹೆಪ್ಪುಗಟ್ಟುವುದಿಲ್ಲ. ಪಕ್ಕದ ರೆಡ್ ರಿವರ್ ಕಣಿವೆಯ ತುಂಬ ಆ ಬೀಟ್‌ನದೇ ಬೆಳೆ.

ಈಗ ಫೋರ್ಕ್‌ನಿಂದ ಹಿಮದ ಬಕೆಟ್ಟಿಗೆ ಬದಲಾಯಿಸುವುದು ಒಂದು ಲೋಟ ಕಾಫಿ ಕುಡಿಯುವಷ್ಟು ಹೊತ್ತೂ ಹಿಡಿಯುವುದಿಲ್ಲ. ಪಕ್ಕದ ಹೈನುಗಾರರ ಉರುಳೆ ಈಟಿ ನಮ್ಮಲ್ಲಿಗೆ ಬರುತ್ತದೆ, ನನ್ನ ಫೋರ್ಕ್ ಅವರಲ್ಲಿಗೆ ಹೋಗುತ್ತದೆ. ಊರಲ್ಲಿ ಕಲ್ಟಿವೇಟರ್ ಓಡಾಡುವ ಹಾಗೆ ಇಲ್ಲಿ ಇವು ಓಡಾಡುವುದನ್ನು ನೋಡಿ ಮನಸ್ಸು ತುಂಬುತ್ತದೆ. ಎತ್ತುವ ಶಕ್ತಿ ಕಡಿಮೆಯಾದದ್ದಕ್ಕೆ ನನಗೆ ಬೇಜಾರಿಲ್ಲ.

ಒಂದು ಅಭ್ಯಾಸವನ್ನು ಮಾತ್ರ ಯಾರೂ ಬಿಡಬಾರದು. ಲಿವರ್ ಕೆಳಗೆ ಬಂತು ಅಂದ ಮಾತ್ರಕ್ಕೆ ಪಿನ್ನು ಕೂತಿದೆ ಅಂತಲ್ಲ. ಹಿಮ ಅಥವಾ ಮಣ್ಣು ತೂತಿನಲ್ಲಿ ಗಟ್ಟಿಯಾಗಿದ್ದರೆ ಬೆಣೆ ಅರ್ಧಕ್ಕೇ ನಿಲ್ಲುತ್ತದೆ. ಇಳಿದು ಹೋಗಿ, ಎರಡೂ ಬದಿಯಲ್ಲಿ ಪಿನ್ನಿನ ತುದಿ ತೂತಿನ ಕೆಳಗೆ ಇಣುಕುತ್ತಿದೆಯೇ ಅಂತ ಕಣ್ಣಾರೆ ನೋಡಬೇಕು. ಆಮೇಲೆ ಬಕೆಟ್ಟಿನ ಮುಂದಿನ ಅಂಚನ್ನು ನೆಲಕ್ಕೆ ಒತ್ತಿ ಮುಂದಿನ ಚಕ್ರ ತುಸು ಹಗುರಾಗುವ ತನಕ ಹಿಡಿಯಬೇಕು. ಪ್ಲೇಟಿಗೂ ಚೌಕಟ್ಟಿಗೂ ನಡುವೆ ಕೆಳಗಡೆ ಸಂದು ಬಿಟ್ಟರೆ ಪಿನ್ನು ಕೂತಿಲ್ಲ ಅಂತಲೇ ಅರ್ಥ. ಮನೆಯವರು ಯಾರೇ ಟ್ರ್ಯಾಕ್ಟರ್ ಹತ್ತಿದರೂ ಇದನ್ನು ಮಾಡಿಯೇ ಲೋಡರ್ ಎತ್ತಬೇಕು ಅಂತ ನಿಯಮ ಮಾಡಿದ್ದೇನೆ.

ಲೋಡರ್ 300 ಕೆ.ಜಿ.ಗಿಂತ ಕಡಿಮೆ ಎತ್ತುವ ಪುಟ್ಟ ಟ್ರ್ಯಾಕ್ಟರ್ ಇರುವವರಿಗೆ ಈ ಜೋಡಣೆ ಬೇಡ ಅನ್ನುತ್ತೇನೆ. ಕಬ್ಬಿಣದ ತೂಕವೇ ಎತ್ತುವ ಶಕ್ತಿಯ ದೊಡ್ಡ ಪಾಲು ತಿಂದುಬಿಡುತ್ತದೆ. ಅಂಥವರು ಪಿನ್ನುಗಳನ್ನು ಚೆನ್ನಾಗಿ ಉಜ್ಜಿ, ತುದಿಯನ್ನು ಸ್ವಲ್ಪ ಚೂಪು ಮಾಡಿ, ಚಳಿಗೆ ಗಟ್ಟಿಯಾಗದ ಗ್ರೀಸ್ ಹಚ್ಚಿಟ್ಟುಕೊಂಡರೆ ಸುತ್ತಿಗೆಯ ಕೆಲಸ ಬಹಳ ಹಗುರಾಗುತ್ತದೆ.